ಚುಕ್ಕಿ ಹೇಳುವವರು ಯಾರಾದರೇನು?

ಒಗ್ಗರಣೆ ಹಾಕುತ್ತಾ, ಬಟ್ಟೆ ಮಡಿಸುತ್ತಾ ಹಾಡು ಕೇಳುವ ಅಭ್ಯಾಸ ನಿಮಗೂ ಇರಬೇಕಲ್ಲವೇ? ನನಗಂತೂ ಇದೆ. ಮೊದಲು ರೇಡಿಯೋ ಇತ್ತು, ಆಮೇಲೆ ಟೇಪ್‌ರೆಕಾರ್ಡರ್ ಬಂತು, ಈಗ ಎಲ್ಲಕ್ಕೂ ಮೊಬೈಲ್ ಒಂದೇ. ಆದರೆ ಈಚಿನ ಎಷ್ಟೋ ಮೊಬೈಲುಗಳಲ್ಲಿ ಇಯರ್‌ಫೋನ್ ಚುಚ್ಚುವ ಆ ದುಂಡನೆಯ ತೂತೇ ಇರುವುದಿಲ್ಲ, ಗಮನಿಸಿದ್ದೀರಾ? 2016ರಲ್ಲಿ ಬಂದ ಐಫೋನ್ 7ರಲ್ಲಿ ಅದನ್ನು ತೆಗೆದುಹಾಕಿದರು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಮನೆಯಲ್ಲಿರುವ ಹಳೆಯ ಇಯರ್‌ಫೋನ್ ಹಾಕಬೇಕೆಂದರೆ, ಚಾರ್ಜರ್ ಚುಚ್ಚುವ ಜಾಗಕ್ಕೆ ಬೆರಳುದ್ದದ ಬಾಲವೊಂದನ್ನು ಸಿಕ್ಕಿಸಬೇಕು. ಈ ಬಾಲಕ್ಕೇ 'ಡ್ಯಾಕ್' ಎನ್ನುತ್ತಾರಂತೆ. ನಮ್ಮ ಮನೆಗೆ ಬಂದದ್ದಕ್ಕೆ 900 ರೂಪಾಯಿ ಚಿಲ್ಲರೆ ಆಯಿತು. ಅದರ ಹಿಂದೆಯೇ 28,000 ರೂಪಾಯಿಯ ಮಾತೂ ಬಂತು. ಆ ಕಥೆಯನ್ನೇ ಹೇಳಹೊರಟಿದ್ದೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಹತ್ತನೇ ಇಯತ್ತೆಗೆ ಓದು ನಿಲ್ಲಿಸಿದ ನನಗೆ ಈ ಡ್ಯಾಕ್ ಏನು ಮಾಡುತ್ತದೆಂದು ತಿಳಿಸಿಕೊಟ್ಟವಳು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿರುವ ನನ್ನ ಮಗಳು. ಅವಳು ಹೇಳಿದ್ದು ನನ್ನ ತಲೆಗೆ ಹತ್ತಿದ್ದು ರಂಗೋಲಿಯ ಲೆಕ್ಕದಲ್ಲಿ. ಮೊಬೈಲಿನೊಳಗೆ ಹಾಡು ಇರುವುದು ಹಾಡಾಗಿ ಅಲ್ಲ, ಬರೀ ಅಂಕಿಗಳಾಗಿ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಲೆಕ್ಕದಲ್ಲೇ ಹೇಳುವುದಾದರೆ, ಒಂದು ಸೆಕೆಂಡಿನ ಹಾಡಿಗೆ ಒಂದೊಂದು ಕಿವಿಗೂ 44,100 ಅಂಕಿ! ಅಂದರೆ ಅಷ್ಟು ಚುಕ್ಕಿ ಎನ್ನಿ. ನಮ್ಮ ಕಿವಿಗೆ ಚುಕ್ಕಿ ಕೇಳಿಸದು, ಎಳೆ ಬೇಕು. ಆ ಚುಕ್ಕಿಗಳನ್ನು ಕೂಡಿಸಿ ನುಣುಪಾದ ಎಳೆಯಾಗಿಸಿ ಇಯರ್‌ಫೋನಿಗೆ ಕೊಡುವುದೇ ಡ್ಯಾಕಿನ ಕೆಲಸ. ತೂತಿದ್ದ ಫೋನುಗಳಲ್ಲಿ ಇದು ಒಳಗೇ ಇತ್ತು, ಈಗ ಬಾಲವಾಗಿ ಹೊರಗೆ ಬಂದಿದೆ, ಅಷ್ಟೇ.

ಹೀಗಿರುವಾಗ ಹಬ್ಬಕ್ಕೆಂದು ಬೆಂಗಳೂರಿನಿಂದ ನನ್ನ ಮೈದುನ ಬಂದ. ಅವನಿಗೆ ಹಾಡಿಗಿಂತ ಹಾಡು ಕೇಳುವ ಸಾಮಾನಿನ ಮೇಲೆ ಪ್ರೀತಿ ಹೆಚ್ಚು. ನಮ್ಮ ಬಾಲವನ್ನು ತಿರುಗಿಸಿ ಮುರುಗಿಸಿ ನೋಡಿ, "ಅತ್ತಿಗೆ, ಡ್ಯಾಕ್ ಪರವಾಗಿಲ್ಲ. ಆದ್ರೆ ಸೋರ್ಸ್ ಸರಿಯಿಲ್ಲ. ಫೋನಿಂದ ಕೊಟ್ರೆ ಏನು ಚೆನ್ನಾಗಿ ಬರುತ್ತೆ? ಇದಕ್ಕೇ ಅಂತ ಪ್ಲೇಯರ್ ಸಿಗುತ್ತೆ, 28,000. ತಗೊಂಡುಬಿಡಿ," ಎಂದ. ನಮ್ಮ ಯಜಮಾನರಿಗೆ ತಮ್ಮನ ಮಾತೆಂದರೆ ವೇದವಾಕ್ಯ. "ಲೇ, ನಿನ್ನ ಚೀಟಿ ದುಡ್ಡು ಮುಂದಿನ ತಿಂಗಳು ಬರುತ್ತಲ್ವೇನೇ?" ಎಂದರು ಮೆಲ್ಲಗೆ. ನೀವೇ ಹೇಳಿ, ಎರಡು ವರ್ಷ ತರಕಾರಿ ದುಡ್ಡಿನಲ್ಲಿ ಉಳಿಸಿ ಕಟ್ಟಿದ ಚೀಟಿ ಅದು!

ಯಜಮಾನರಿಗೆ ಆಸೆ ಹುಟ್ಟಿದ್ದಕ್ಕೆ ಕಾರಣವೂ ಇತ್ತೆನ್ನಿ. 2001ರಲ್ಲಿ ನಮ್ಮ ಮದುವೆಯಲ್ಲಿ ನನ್ನಮ್ಮ ಹಾಡಿದ ಸೋಬಾನೆ ಪದಗಳು ನಮ್ಮಲ್ಲಿವೆ. ಅಮ್ಮ ಈಗಿಲ್ಲ. ಅವಳ ದನಿ ಅಂತ ಉಳಿದಿರುವುದು ಅದೊಂದೇ. ಆ ಹಾಡು ಹೊಸ ಡ್ಯಾಕಿನಲ್ಲೂ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತಿತ್ತು. ಪ್ಲೇಯರ್ ತಂದರೆ ಅತ್ತೆಯ ದನಿ ತಿಳಿಯಾಗಿ ಕೇಳಿಸೀತು ಎನ್ನುವುದು ಇವರ ಲೆಕ್ಕ. ಅಂಥ ಮಾತಿಗೆ ಬೇಡ ಅನ್ನುವುದು ಸುಲಭವೇ?

ಆಗ ನಾನೊಂದು ಮಾತು ಕೇಳಿದೆ. "15 ಚುಕ್ಕಿ, 8ರವರೆಗೆ ಅಂತ ಪುಸ್ತಕ ನೋಡಿ ನಾನು ಹೇಳಿದ್ರೂ ಅದೇ, ಪಕ್ಕದ ಮನೆಯವರು ಹೇಳಿದ್ರೂ ಅದೇ. ಇಡೋ ಕೈ ಒಂದೇ ಆದ್ರೆ ರಂಗೋಲಿ ಹೇಗಪ್ಪಾ ಬೇರೆಯಾಗುತ್ತೆ?" ಮೈದುನ ನಕ್ಕ. "ಅದು ಹಾಗಲ್ಲ ಅತ್ತಿಗೆ, ಕಿವಿಗೆ ಗೊತ್ತಾಗುತ್ತೆ," ಎಂದ. ಗೊತ್ತಾಗುವುದಾದರೆ ಪರೀಕ್ಷೆ ಮಾಡಿಯೇಬಿಡೋಣ ಎಂದಳು ಮಗಳು.

ಅವಳು ಮಾಡಿದ ಪರೀಕ್ಷೆ ಹೀಗಿತ್ತು. ಅದೇ ಹಾಡು, ಅದೇ ಡ್ಯಾಕ್, ಅದೇ ಹೆಡ್‌ಫೋನ್. ಒಂದು ಸಲ ಫೋನಿಗೆ, ಒಂದು ಸಲ ಲ್ಯಾಪ್‌ಟಾಪಿಗೆ ಚುಚ್ಚುವುದು. ಯಾವುದಕ್ಕೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸುವುದು. ಕೇಳುವವರು ಬೆನ್ನು ಹಾಕಿ ಕೂರಬೇಕು. ಮುಖ್ಯವಾದ ಇನ್ನೊಂದು ಮಾತೆಂದರೆ, ಎರಡರಲ್ಲೂ ಸದ್ದು ಒಂದೇ ಮಟ್ಟದಲ್ಲಿರಬೇಕು. ಏಕೆಂದರೆ ಸ್ವಲ್ಪ ಜೋರಾಗಿರುವುದೇ ನಮಗೆ 'ಚೆನ್ನಾಗಿದೆ' ಅನ್ನಿಸಿಬಿಡುತ್ತದಂತೆ. ಅದಕ್ಕೇ ಅವಳು ಮೊದಲು ಸದ್ದು ಅಳೆದು ಸರಿಮಾಡಿಕೊಂಡಳು. ಹಾಡು ರಾಜನ್-ನಾಗೇಂದ್ರ ಸಂಗೀತದ, 1974ರ 'ಎರಡು ಕನಸು' ಚಿತ್ರದ್ದು, ನಮ್ಮೆಲ್ಲರಿಗೂ ಬಾಯಿಪಾಠವಾದದ್ದು.

ಒಬ್ಬೊಬ್ಬರಿಗೆ ಹತ್ತು ಸಲ ಕೇಳಿಸಿದಳು. ಮೈದುನ ಸರಿಯಾಗಿ ಹೇಳಿದ್ದು 5, ಯಜಮಾನರು 4, ನಾನು 6. ನಾನು ಗೆದ್ದೆ ಅಂದುಕೊಳ್ಳಬೇಡಿ. ಕಣ್ಣು ಮುಚ್ಚಿ ಬಾಯಿಗೆ ಬಂದಂತೆ ಹೇಳಿದರೂ ಹತ್ತರಲ್ಲಿ ಐದು ಸರಿಹೋಗುತ್ತದೆ. ಮನೆಯ ಮೂರು ಕಿವಿಗಳ ಪರೀಕ್ಷೆ ದೊಡ್ಡ ಶಾಸ್ತ್ರವೇನಲ್ಲ, ನಿಜ. ಆದರೆ 28,000 ರೂಪಾಯಿಯ ಅಂತರ ಇದ್ದಿದ್ದರೆ ಅಷ್ಟಾದರೂ ಗೊತ್ತಾಗಬೇಕಿತ್ತಲ್ಲ!

ಮೈದುನ ಬಿಡುವವನಲ್ಲ. "ಅಂಕಿ ಸರಿಯಾದ ಸಮಯಕ್ಕೆ ಬರಬೇಕಲ್ಲ?" ಎಂದ. ಅದಕ್ಕೂ ಮಗಳ ಬಳಿ ಉತ್ತರವಿತ್ತು. ಈಚಿನ ಹೆಚ್ಚಿನ ಡ್ಯಾಕುಗಳಲ್ಲಿ ಅದರದೇ ಒಂದು ಗಡಿಯಾರವಿರುತ್ತದಂತೆ. ಫೋನು ತನ್ನಿಷ್ಟದಂತೆ ತಳ್ಳುವುದಲ್ಲ, ಡ್ಯಾಕೇ ತನಗೆ ಬೇಕಾದ ವೇಗಕ್ಕೆ ಅಂಕಿಗಳನ್ನು ಕೇಳಿ ತೆಗೆದುಕೊಳ್ಳುತ್ತದೆ. ನಡುವೆ ಅಂಕಿ ತಪ್ಪಿದರೆ 'ಟಿಕ್' ಎಂದು ಸದ್ದಾದೀತು, ಹಾಡು ತುಂಡಾದೀತು. ದನಿ ಒರಟಾಗುವುದೋ, ಇಂಪಾಗುವುದೋ ಅದರಿಂದ ಆಗದು.

ಹಾಗಾದರೆ ಸೋರ್ಸ್ ಯಾವುದಾದರೂ ಒಂದೇ ಎಂದುಬಿಡಬಹುದೇ? ಇಲ್ಲ, ಸೋದರಿಯರೇ. ಕೆಲವು ಕಡೆ ವ್ಯತ್ಯಾಸ ನಿಜವಾಗಿಯೂ ಇದೆ.

ಮೊದಲನೆಯದು, ಚುಕ್ಕಿ ಹೇಳುವವರೇ ತಮ್ಮ ಕೈವಾಡ ಸೇರಿಸುವುದು. ಫೋನಿನಲ್ಲಿ ಸದ್ದನ್ನು 'ಚೆಂದ' ಮಾಡುವ ಎಫೆಕ್ಟುಗಳು ಇರುತ್ತವೆ. ಒಂದು ಫೋನಿನಲ್ಲಿ ಅದು ಆನ್ ಆಗಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹಾಡು ಬೇರೆಯಾಗಿಯೇ ಕೇಳಿಸುತ್ತದೆ. ಅದನ್ನು ಆಫ್ ಮಾಡಲು ದುಡ್ಡು ಬೇಡ. ಬಹಳಷ್ಟು ಆಂಡ್ರಾಯ್ಡ್ ಫೋನುಗಳು 44,100ರ ಲೆಕ್ಕವನ್ನು 48,000ಕ್ಕೆ ಬದಲಾಯಿಸಿ ಕಳುಹಿಸುವುದೂ ಉಂಟು. ಅಚ್ಚುಕಟ್ಟಾಗಿ ಮಾಡಿದರೆ ಅದು ಕಿವಿಗೆ ಗೊತ್ತಾಗುವಂಥದ್ದಲ್ಲ.

ಎರಡನೆಯದು ಕರೆಂಟಿನ ಕಾಟ. ಆ ತಂತಿಯಲ್ಲಿ ಅಂಕಿಗಳಷ್ಟೇ ಅಲ್ಲ, ಡ್ಯಾಕಿಗೆ ಬೇಕಾದ ಕರೆಂಟೂ ಹೋಗುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿಕೊಂಡೇ ಡ್ಯಾಕನ್ನು ಹಾಲಿನಲ್ಲಿರುವ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿದಾಗ 'ಗುಂಯ್' ಎಂದು ಸದ್ದು ಬಂತು. ಚಾರ್ಜರ್ ಕಿತ್ತ ಕೂಡಲೇ ನಿಂತಿತು. ಎರಡೂ ಗೋಡೆಯ ಕರೆಂಟಿಗೆ ಅಂಟಿಕೊಂಡಿದ್ದರೆ ಹೀಗಾಗುವುದುಂಟು. ಬ್ಯಾಟರಿಯ ಮೇಲೆ ಓಡುವ ಫೋನಿಗೆ ಈ ತಾಪತ್ರಯವಿಲ್ಲ. ಅಂದರೆ, ಮೈದುನ ಬೈದ ಫೋನೇ ಇಲ್ಲಿ ವಾಸಿ!

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಪುಸ್ತಕದಲ್ಲೇ ಚುಕ್ಕಿ ಅಳಿಸಿಹೋಗಿದ್ದರೆ? ಮಗಳು ಅಮ್ಮನ ಹಾಡಿನ ಫೈಲು ತೆಗೆದು ನೋಡಿದಳು. ಹಿಂದೊಮ್ಮೆ ಕ್ಯಾಸೆಟ್ಟನ್ನು ಒಂದು ಅಂಗಡಿಗೆ ಕೊಟ್ಟು ಕಾಪಿ ಮಾಡಿಸಿದ್ದೆವು. ಅವರು ಜಾಗ ಉಳಿಸಲೆಂದು ಸೆಕೆಂಡಿಗೆ 64,000 ಬಿಟ್ ಲೆಕ್ಕದ ಎಂ.ಪಿ.3 ಮಾಡಿಟ್ಟಿದ್ದರು. ಸಿ.ಡಿ.ಯಲ್ಲಾದರೆ ಅದು 14 ಲಕ್ಷ ಬಿಟ್‌ಗೂ ಮೇಲೆ! 22ರಲ್ಲಿ ಒಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿದ್ದಾರೆ. ಬಿಟ್ಟದ್ದನ್ನು ಯಾವ ಡ್ಯಾಕೂ, ಯಾವ 28,000ದ ಪ್ಲೇಯರೂ ವಾಪಸು ತಂದುಕೊಡಲಾರದು. ಬೇಳೆ ಹಾಕದ ಸಾರನ್ನು ಬೆಳ್ಳಿ ಲೋಟದಲ್ಲಿ ಕೊಟ್ಟರೂ ಅದು ನೀರೇ ತಾನೇ?

"ರೀ, ನಿಜವಾದ ಸೋರ್ಸು ನಮ್ಮ ಟ್ರಂಕಿನಲ್ಲಿದೆ," ಎಂದೆ ನಾನು. ರೇಷ್ಮೆ ಸೀರೆಗಳ ಕೆಳಗಿಂದ ಆ ಕ್ಯಾಸೆಟ್ ತೆಗೆದೆ.

ನಮ್ಮೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ವಯಸ್ಸಾದವರೊಬ್ಬರು ಇನ್ನೂ ಇದ್ದಾರೆ. ನಮ್ಮ ಹಳೆಯ ಟೇಪ್‌ರೆಕಾರ್ಡರಿಗೆ ಹೊಸ ಬೆಲ್ಟ್ ಹಾಕಿಕೊಟ್ಟರು. ಟೇಪು ಉಜ್ಜಿ ಹೋಗುವ 'ಹೆಡ್' ಮೇಲೆ ಕಂದು ಬಣ್ಣದ ಪುಡಿ ಕೂತಿತ್ತು, ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದರು. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ಒಂದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರು ನೋಡಿ, ಮುಸುಕು ಸರಿದ ಹಾಗೆ ಅಮ್ಮನ ದನಿ ಬಿಚ್ಚಿಕೊಂಡಿತು. ಹೆಡ್ಡು ಟೇಪಿಗೆ ನೆಟ್ಟಗೆ ಕೂತರೇ ತೆಳುವಾದ ಸ್ವರಗಳು ಸಿಗುವುದಂತೆ.

ಆಮೇಲೆ ಟೇಪಿನ ಸದ್ದನ್ನು ಅಂಕಿಯಾಗಿಸಬೇಕಲ್ಲ? ಅದಕ್ಕೆ ನಮ್ಮ ಬಾಲ ಬರುವುದಿಲ್ಲ. ಅದರದು ಅಂಕಿಯನ್ನು ಸದ್ದಾಗಿಸುವ ಕೆಲಸ. ಇದಕ್ಕೆ ತಿರುಗುಮುರುಗಾದ ಸಾಧನ ಬೇಕು, 'ಲೈನ್ ಇನ್' ಇರುವಂಥದ್ದು. ಅದನ್ನು ತರಿಸಿ, 60 ನಿಮಿಷದ ಆ ಕ್ಯಾಸೆಟ್ಟನ್ನು ಕುಗ್ಗಿಸದೆ 'ವೇವ್' ಫೈಲಾಗಿ ಮಗಳು ಇಳಿಸಿಕೊಂಡಳು. 600 ಎಂ.ಬಿ.ಗೆ ಸ್ವಲ್ಪ ಹೆಚ್ಚು ಜಾಗ ಹಿಡಿಯಿತು. ರಿಪೇರಿಯೂ ಸೇರಿ 3,000 ರೂಪಾಯಿಯೊಳಗೆ ಮುಗಿಯಿತು.

ಅದನ್ನು ಅದೇ ಫೋನಿಗೆ ಹಾಕಿಕೊಂಡು ಅದೇ 900 ರೂಪಾಯಿಯ ಬಾಲದಲ್ಲಿ ಕೇಳಿದೆ. ಬಳೆಯ ಸದ್ದು ಕೇಳಿಸಿತು. ಎರಡು ಸಾಲುಗಳ ನಡುವೆ ಅಮ್ಮ ಉಸಿರೆಳೆದುಕೊಳ್ಳುವುದು ಕೇಳಿಸಿತು. ಹಿಂದೆ ಬರೀ ಗೊಜಗೊಜ ಅನ್ನಿಸುತ್ತಿದ್ದ ಒಂದು ಜಾಗದಲ್ಲಿ ಅಮ್ಮ ಹಾಡು ನಿಲ್ಲಿಸಿ, "ಯಾರಾದ್ರೂ ದೀಪಕ್ಕೆ ಎಣ್ಣೆ ಹಾಕ್ರೇ," ಎನ್ನುತ್ತಾಳೆ. ಇಷ್ಟು ವರ್ಷ ಆ ಮಾತು ಅಲ್ಲಿದೆಯೆಂದೇ ನಮಗೆ ತಿಳಿದಿರಲಿಲ್ಲ. ಹೆಡ್‌ಫೋನ್ ತೆಗೆದು ಇವರ ಕಿವಿಗಿಟ್ಟೆ. ಇವರು ಕೇಳಿ ಏನೂ ಮಾತಾಡಲಿಲ್ಲ. ಪ್ಲೇಯರಿನ ಸುದ್ದಿ ಆಮೇಲೆ ಬರಲಿಲ್ಲ.

ಇನ್ನು ನಿಮಗೆ ನಾಲ್ಕು ಮಾತು:

ಬಾಲ ಕೊಳ್ಳುವಾಗ ಒಳಗೆ ಡ್ಯಾಕ್ ಇದೆಯೇ ಎಂದು ಕೇಳಿಯೇ ಕೊಳ್ಳಿ. ನೋಡಲು ಹಾಗೆಯೇ ಇದ್ದು, ಒಳಗೆ ಬರೀ ತಂತಿ ಇರುವಂಥವೂ ಬರುತ್ತವೆ. ಅವು ಎಲ್ಲ ಫೋನಿಗೂ ಆಗುವುದಿಲ್ಲ.

ದುಬಾರಿ ಸಾಮಾನಿಗೆ ಮನಸ್ಸು ಮಾಡುವ ಮುಂಚೆ, ಸದ್ದಿನ ಮಟ್ಟ ಒಂದೇ ಮಾಡಿ, ಬೆನ್ನು ಹಾಕಿ ಕೂತು ಕೇಳಿ ನೋಡಿ. ದುಡ್ಡು ಇದ್ದರೆ ಮೊದಲು ಒಳ್ಳೆಯ ಇಯರ್‌ಫೋನಿಗೆ ಹಾಕಿ, ವ್ಯತ್ಯಾಸ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಮನೆಯವರ ದನಿ ಇರುವ ಕ್ಯಾಸೆಟ್ ಇದ್ದರೆ, ಅದರ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಆಗ ಯಾರೂ ಮರೆತು ಅದರ ಮೇಲೆ ಬೇರೆ ರೆಕಾರ್ಡ್ ಮಾಡಲಾಗದು. ಬಿಸಿಲಿಗೆ, ಸ್ಪೀಕರಿನ ಅಯಸ್ಕಾಂತದ ಪಕ್ಕಕ್ಕೆ ಇಡಬೇಡಿ.

ಫೈಲು ಮಾಡಿಸುವಾಗ ವೇವ್ ಆಗಿಯೇ ಕೊಡಿ ಎನ್ನಿ. ಎರಡು ಕಡೆ ಕಾಪಿ ಇಟ್ಟುಕೊಳ್ಳಿ. ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿ.

ಟೇಪು ವರ್ಷದಿಂದ ವರ್ಷಕ್ಕೆ ಹಳತಾಗುತ್ತದೆ, ರಿಪೇರಿ ಬಲ್ಲ ಹಿರಿಯರಿಗೂ ವಯಸ್ಸಾಗುತ್ತಿದೆ. ಈ ಹಬ್ಬಕ್ಕೆ ಮನೆ ಸಾರಿಸಿ ಟ್ರಂಕು ತೆಗೆದಾಗ ಒಮ್ಮೆ ತಳದವರೆಗೂ ನೋಡಿ.