ಗುಮ್ಮಟವೂ ಗದ್ದುಗೆಯೂ

ಕಳೆದ ಅಮಾವಾಸ್ಯೆಯಂದು ತಿಕೋಟಾ ಹಾಗೂ ಬಬಲೇಶ್ವರ ಭಾಗದ ಸದ್ಭಕ್ತರು ಶ್ರೀಮಠಕ್ಕೆ ಬಂದಿದ್ದರು. ಪೂಜೆ, ಪ್ರಸಾದಗಳು ಮುಗಿದ ಮೇಲೆ ಒಂದು ನೀಲನಕ್ಷೆಯನ್ನು ನಮ್ಮ ಮುಂದೆ ಬಿಚ್ಚಿದರು. ಲಿಂಗೈಕ್ಯ ಗುರುಗಳ ಗದ್ದುಗೆಗೆ ಹೊಸ ಮಂಟಪ, ಅದರ ಮೇಲೊಂದು ಗುಮ್ಮಟ, ಎದುರಿಗೆ ಮಹಾದ್ವಾರ. ದ್ರಾಕ್ಷಿ ಬೆಳೆದು, ಒಣದ್ರಾಕ್ಷಿ ಮಾರಿ ಈಚೆಗೆ ಕೈಯಲ್ಲಿ ನಾಲ್ಕು ಕಾಸು ಕಂಡ ಜನ ಅವರು. ಗುರುವಿನ ಋಣ ತೀರಿಸಬೇಕೆಂಬ ಅವರ ಹಂಬಲ ನಿಜವಾದುದು. ಅವರಲ್ಲೊಬ್ಬ ತರುಣನು ಉತ್ಸಾಹದಿಂದ, “ಅಪ್ಪಾರ, ವಿಜಯಪುರದಿಂದ ಬರೋರಿಗೆ ನಾಕ ಕಿಲೋಮೀಟರ ದೂರದಿಂದನ ನಮ್ಮ ಗದ್ದಿಗಿ ಕಾಣಬೇಕ್ರಿ” ಎಂದನು. ಆ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಬಾಲ್ಯದ ಕಡೆಗೆ ಹೊರಳಿತು.

ಪೂರ್ವಾಶ್ರಮದ ಅಜ್ಜಿಯೊಡನೆ ಬಬಲೇಶ್ವರದಲ್ಲಿ ಬಸ್ಸು ಹತ್ತಿ, ಆಗಿನ ಬಿಜಾಪುರಕ್ಕೆ, ಸಿದ್ಧೇಶ್ವರನ ಸಂಕ್ರಮಣದ ಜಾತ್ರೆಗೆ ಹೊರಟಿದ್ದೆವು. ಎರೆಯ ಹೊಲಗಳಲ್ಲಿ ಬಿಳಿಜೋಳ ನಿಂತಿತ್ತು. ಊರು ಇನ್ನೂ ದೂರವಿರುವಾಗಲೇ ದಿಗಂತದಲ್ಲಿ ಗೋಲಗುಮ್ಮಟ ಮೂಡಿತು. ಅಜ್ಜಿ ಸೆರಗು ಸರಿಮಾಡಿಕೊಂಡು ಎರಡೂ ಕೈ ಮುಗಿದಳು. ಕಂಡಕ್ಟರನು ನಕ್ಕು, “ಅದು ದೇವರಲ್ಲಬೇ ಆಯಿ, ಬಾದಶಾನ ಗೋರಿ” ಎಂದ. ಅಜ್ಜಿ ಕೈ ಇಳಿಸಲಿಲ್ಲ. “ಇರ್ಲಿ ಬಿಡೋ ತಮ್ಮಾ, ಎಷ್ಟ ದೊಡ್ಡದೈತಿ!” ಎಂದಳು.

ಮುಂದೆ ಧಾರವಾಡದಲ್ಲಿ ಓದುವಾಗ ರಾಜಸತ್ತೆ ಮತ್ತು ವಾಸ್ತುಶಿಲ್ಪಗಳ ಸಂಬಂಧವನ್ನು ಕುರಿತು ದಪ್ಪ ದಪ್ಪ ಗ್ರಂಥಗಳನ್ನು ತಿರುವಿದ್ದೇವೆ. ಅಜ್ಜಿಯ ಆ ಒಂದು ಮಾತಿಗಿಂತ ಹೆಚ್ಚಿನದನ್ನು ಅವು ಹೇಳಿದವೆಂದು ನಮಗೆ ಅನ್ನಿಸಿಲ್ಲ. ದೊಡ್ಡದನ್ನು ಕಂಡರೆ ಕೈ ತಾನಾಗಿಯೇ ಮುಗಿಯುತ್ತದೆ. ಕಟ್ಟಿಸುವವರು ಇದನ್ನು ಚೆನ್ನಾಗಿ ಬಲ್ಲರು.

ಮಹಮ್ಮದ್ ಆದಿಲ್‌ಶಾಹನು ತಾನು ಬದುಕಿರುವಾಗಲೇ ತನ್ನ ಗೋರಿಯನ್ನು ಕಟ್ಟಿಸತೊಡಗಿದನು. ೧೬೫೬ರಲ್ಲಿ ಅಲ್ಲಿಯೇ ಮಣ್ಣಾದನು. ಹೊರ ಅಳತೆಯಲ್ಲಿ ಸುಮಾರು ೪೪ ಮೀಟರು ಅಡ್ಡಗಲದ ಗುಮ್ಮಟ, ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾಯ್ದುಹೋಗುವ ಕಮಾನುಗಳ ಮೇಲೆಯೇ ಅಷ್ಟೂ ಭಾರ. ಕಟ್ಟೆಯ ಮೇಲೆ ಕಾಣುವವು ಕುರುಹಿನ ಗೋರಿಗಳು ಮಾತ್ರ. ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿವೆ. ಅವನ ಮಗ ಎರಡನೆಯ ಅಲಿ ಆದಿಲ್‌ಶಾಹನೂ ತನಗೊಂದು ಗೋರಿಯನ್ನು ಕಟ್ಟಿಸಹೊರಟನು. ೧೬೭೨ರಲ್ಲಿ ಅವನು ತೀರಿಕೊಂಡನು, ಕೆಲಸ ಅರ್ಧಕ್ಕೇ ನಿಂತಿತು. ಬಾರಾಕಮಾನಿನ ಆ ಬೋಳು ಕಮಾನುಗಳು ಇಂದಿಗೂ ಆಕಾಶವನ್ನೇ ಛಾವಣಿಯಾಗಿ ಹೊತ್ತಿವೆ. ೧೬೮೬ರಲ್ಲಿ ಔರಂಗಜೇಬನು ಬಂದು ರಾಜ್ಯವನ್ನೇ ನುಂಗಿದನು. ೧೮೮೫ರಲ್ಲಿ ಆಂಗ್ಲರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹಳೆಯ ಹಲವು ಮಹಲುಗಳೇ ಸರಕಾರಿ ಕಚೇರಿಗಳಾದವು. ಅರಸರು ಹೋದರೂ ಅರಸರ ಗೋಡೆಗಳ ದರ್ಪ ಹೊಸ ಒಡೆಯರಿಗೆ ಬೇಕಾಯಿತು.

ಆದರೂ ಊರೆಂಬುದು ತನಗೆ ಬೇಕಾದಂತೆ ಎಲ್ಲವನ್ನೂ ಬಳಸಿಕೊಳ್ಳುತ್ತದೆ. ಗೋಲಗುಮ್ಮಟದ ಒಳಗ್ಯಾಲರಿಯಲ್ಲಿ ನಿಂತ ಶಾಲಾ ಮಕ್ಕಳನ್ನು ಗಮನಿಸಿರಿ. ಒಬ್ಬೊಬ್ಬರೂ ತಮ್ಮ ತಮ್ಮ ಹೆಸರನ್ನೇ ಕೂಗುತ್ತಾರೆ. ಗುಮ್ಮಟ ಅದನ್ನೇ ಮರಳಿ ಮರಳಿ ನುಡಿಯುತ್ತದೆ. ಬಾದಶಹನ ಹೆಸರನ್ನು ಕೂಗಿದವರನ್ನು ನಾವಂತೂ ಕಂಡಿಲ್ಲ.

ಆದಿಲ್‌ಶಾಹಿಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ತಿಕೋಟಾ ದಾರಿಯಲ್ಲಿ ಸಿಗುವ ತೊರವಿಯ ಕಡೆಯಿಂದ ನೆಲದಡಿಯ ಸುರಂಗಗಳಲ್ಲಿ ಅವರು ನಗರಕ್ಕೆ ನೀರು ತಂದರು. ೧೬೫೧ರಲ್ಲಿ ಬೇಗಂ ತಲಾಬವನ್ನು ಕಟ್ಟಿಸಿದವನೂ ಇದೇ ಮಹಮ್ಮದನು. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಎಷ್ಟು ಜನರ ಬಾಯಾರಿಕೆ ಅದರಿಂದ ತಣಿದಿರಬೇಕು! ಆದರೆ ಸುರಂಗ ನೆಲದೊಳಗಿದೆ. ಅದನ್ನು ಕಂಡು ಅಜ್ಜಿ ಕೈ ಮುಗಿಯುವಂತಿರಲಿಲ್ಲ.

ಇದೇ ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದವರು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಗಳು. ೨೦೨೩ರ ಜನವರಿ ೨ರಂದು ಅವರು ಬಯಲಾದಾಗ ನಗರದ ದಾರಿಗಳು ಜನರಿಂದ ತುಂಬಿಹೋದವು. ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕವನ್ನು ಕಟ್ಟಬಾರದು ಎಂದು ಅವರು ಮೊದಲೇ ಬರೆದಿಟ್ಟಿದ್ದರು, ಹಾಗೆಯೇ ನಡೆಯಿತು. ಗೋಲಗುಮ್ಮಟದ ಊರಿನಲ್ಲಿಯೇ ಇದು ನಡೆಯಿತೆಂಬುದನ್ನು ನೆನೆದಾಗಲೆಲ್ಲ ನಮ್ಮ ಮೈ ನವಿರೇಳುತ್ತದೆ. ಅದಕ್ಕೂ ಮುನ್ನ, ಇದೇ ಊರಿನಲ್ಲಿ, ವಚನಗಳನ್ನು ಅಚ್ಚು ಹಾಕಿಸುವ ಸಲುವಾಗಿ ಇದ್ದ ಮನೆಯನ್ನೇ ಮಾರಿದ ಫ. ಗು. ಹಳಕಟ್ಟಿಯವರೂ ಇದ್ದರು.

ಗದ್ದುಗೆ ನಮ್ಮ ಪರಂಪರೆ. ಗುರುವಿನ ಗದ್ದುಗೆಯ ಮುಂದೆ ಕುಳಿತರೆ ನಮಗೆ ಸಿಗುವ ಶಾಂತಿ ಬೇರೆಲ್ಲಿಯೂ ಸಿಗದು, ಅದನ್ನು ಅಲ್ಲಗಳೆಯಲಾರೆವು. ಇನ್ನೊಂದು ಮಾತನ್ನೂ ಮುಚ್ಚಿಡಲಾರೆವು. ನೀಲನಕ್ಷೆಯ ಮಹಾದ್ವಾರದ ಮೇಲೆ, ಗುರುಗಳ ಹೆಸರಿನ ಕೆಳಗೆ, ನಮ್ಮ ಹೆಸರಿಗೂ ಜಾಗ ಬಿಡಲಾಗಿತ್ತು. ಅದನ್ನು ಕಂಡು ಒಂದು ಕ್ಷಣ ಹಿತವೆನಿಸಿತು. ಸ್ಥಾವರ-ಜಂಗಮಗಳ ಕುರಿತು ಮೂವತ್ತು ವರುಷ ಪ್ರವಚನ ಮಾಡಿದ ಮನಸ್ಸು ಇದು!

ಪ್ರಸಾದ ನಿಲಯದ ಮಾಳಿಗೆ ಸೋರುತ್ತಿದೆ. ಇದನ್ನು ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಮಳೆಗಾಲದ ರಾತ್ರಿ ಹಾಸಿಗೆ ಸುತ್ತಿಕೊಂಡು ಮೂಲೆಯಲ್ಲಿ ಕುಳಿತು ಬೆಳಗು ಮಾಡದವರು ಯಾರಿದ್ದಾರೆ? ಗದ್ದುಗೆ ಈಗಿರುವಷ್ಟೇ ಇರಲಿ, ಹಣ ಮೊದಲು ಮಾಳಿಗೆಗೆ ಸಲ್ಲಲಿ ಎಂದು ಭಕ್ತರಿಗೆ ಹೇಳಿದೆವು. ಯಾರೂ ಎದುರಾಡಲಿಲ್ಲ, ಮುಖಗಳು ಮಾತ್ರ ಬಾಡಿದವು. ಹೊರಡುವಾಗ ಹಿರಿಯರೊಬ್ಬರು ಪಾದಮುಟ್ಟಿ, ಮೆಲ್ಲಗೆ ಕೇಳಿದರು: “ಮಾಳಿಗಿಗೆ ಯಾರ ಕೈ ಮುಗೀತಾರ್ರಿ, ಅಪ್ಪಾರ?”

ಬರುವ ಅಮಾವಾಸ್ಯೆಗೆ ಅವರೆಲ್ಲ ಮತ್ತೆ ಬರಲಿದ್ದಾರೆ. ನೀಲನಕ್ಷೆ ನಮ್ಮ ಪುಸ್ತಕಗಳ ಪಕ್ಕದಲ್ಲಿಯೇ ಸುತ್ತಿಟ್ಟಿದೆ.