ಆ ಬ್ಯಾಟರಿ ಮೊದಲು ಕಾರಿಂದು

1/8
ದೋಸ್ತ್ರೇ, ಈ ಸಲ ಕಾರ್ ಇನ್ವರ್ಟರ್ ಬಗ್ಗೆ. ಕಾರಿನ 12 ವೋಲ್ಟ್ ಬ್ಯಾಟರಿಯಿಂದ ಮನಿ ಸಾಮಾನಿಗೆ ಬೇಕಾದ 230 ವೋಲ್ಟ್ ಮಾಡಿ ಕೊಡೋ ಸಣ್ಣ ಡಬ್ಬಿ ಇದು. ಅಂಗಡಿಗೆ ಹೋದ್ರ ಮೊದಲ ಬರೋ ಮಾತು, "ಎಷ್ಟ್ ವ್ಯಾಟಿಂದು ಬೇಕು?" ಜಗತ್ ಸರ್ಕಲ್ ಹತ್ರದ ಅಂಗಡಿಯಾಗ ನನಗೂ ಅದೇ ಕೇಳಿದ್ರು. ನಾನು ಬಾಯಿ ತೆಗಿಯೋದ್ರೊಳಗ ಅವರೇ ಹೇಳಿದ್ರು, "ತಮ್ಮಾ, 1000 ವ್ಯಾಟಿಂದೇ ತೊಗೊ, ಮಿಕ್ಸರ್ ಭಿ ನಡೀತದ." ನನಗ ಮಿಕ್ಸರ್ ನಡೆಸೋದಿರಲಿಲ್ಲ. ಕಮಲಾಪುರದಾಗ ಇರೋ ನಮ್ಮ ಆಯಿಯ ನೆಬ್ಯುಲೈಜರ್ ನಡೆಸೋದಿತ್ತು.

2/8
ಆಯಿಗೆ ದಮ್ಮು ಅದ. ತೊಗರಿ ರಾಶಿ ಟೈಮಿಗೆ ಧೂಳು ಎದ್ದಾಗ ಜಾಸ್ತಿ ಆಗ್ತದ, ಅದೂ ರಾತ್ರಿ. ಔಷಧ ಹಾಕಿ ಮಿಷನ್ ಚಾಲೂ ಮಾಡಿದ್ರ 10-15 ನಿಮಿಷದಾಗ ಉಸಿರು ಹಗುರ ಆಗ್ತದ. ಆದ್ರ ಅದು ಗ್ವಾಡಿ ಪ್ಲಗ್ಗಿಗೆ ಹಾಕೋ ಮಿಷನ್. ಕರೆಂಟ್ ಹೋದ್ರ ಅದೂ ಬಂದ್. ಅಂಗಳದಾಗ ಮಾಮಾನ ಸಣ್ಣ ಪೆಟ್ರೋಲ್ ಕಾರ್ ನಿಂತಿರ್ತದ, ಅದ್ರಿಂದ ನಡೆಸೋಣ ಅಂತ ವಿಚಾರ ಮಾಡಿದ್ವಿ. ಇನ್ನೊಂದು ಮಾತು ನೆನಪಿಡ್ರಿ: ಮಿಷನ್ ಹಾಕಿದ್ರೂ ಉಸಿರು ಹಿಡಿತಕ್ಕ ಬರಲಿಲ್ಲಾಂದ್ರ, ಹುಮನಾಬಾದ್ ರಸ್ತೆ ಹಿಡಿದು ಆಯಿನ್ನ ಕಲಬುರಗಿ ದವಾಖಾನಿಗೆ ಒಯ್ಯೋದು ಇದೇ ಕಾರಿನ್ಯಾಗ. ಮುಂದಿನ ಲೆಕ್ಕ ಎಲ್ಲಾ ಇದರ ಮ್ಯಾಲೇ ನಿಂತದ.

3/8
ಮೊದಲು ಇನ್ವರ್ಟರ್ ಅಲ್ಲ, ನಡೆಸಬೇಕಾದ ಸಾಮಾನಿನ ಹಿಂದಿನ ಚೀಟಿ ನೋಡ್ರಿ. ಆಯಿಯ ಮಿಷನ್ ಮ್ಯಾಲ 150 ವ್ಯಾಟ್ ಅಂತ ಬರೆದದ. ಅದನ್ನ 12ರಿಂದ ಭಾಗಿಸ್ರಿ: 12.5 ಆಂಪಿಯರ್. ಇನ್ವರ್ಟರ್ ತಾನೇ ಒಂದಿಷ್ಟು ತಿಂತದ, ಅದನ್ನೂ ಸೇರಿಸಿದ್ರ ಸುಮಾರು 15. ಕಾರಿನ ಲೈಟರ್ ಸಾಕೆಟ್ಟಿನ ಫ್ಯೂಸ್ ಎಷ್ಟರದ್ದು? ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್. ಅಂದ್ರ ಆ ಸಾಕೆಟ್ಟಿಗೆ ಹಾಕಿದ್ರ ಫ್ಯೂಸ್ ಅಂಚಿನ ಮ್ಯಾಲ ನಿಲ್ತದ, ಯಾವಾಗ ಬೇಕಾದ್ರೂ ಹೋಗಬಹುದು. ಅದಕ್ಕ ನಾವು ತೊಗೊಂಡದ್ದು ಬಾನೆಟ್ ಎತ್ತಿ ಬ್ಯಾಟರಿಗೇ ಕ್ಲಿಪ್ ಹಾಕೋ ನಮೂನಿದು, 300 ವ್ಯಾಟ್. ಮೋಟರ್ ಇರೋ ಸಾಮಾನು ಚಾಲೂ ಆಗೋ ಕ್ಷಣಕ್ಕ ಚೀಟಿಗಿಂತ ಹೆಚ್ಚು ಎಳೀತದ, ಅದಕ್ಕ ದುಪ್ಪಟ್ಟು ಇಟ್ಕೊಂಡ್ವಿ. ಫ್ರಿಜ್ ಆದ್ರ ದುಪ್ಪಟ್ಟೂ ಸಾಲೋದಿಲ್ಲ.

4/8
ಹಂಗಾದ್ರ 1000 ವ್ಯಾಟಿಂದು ಯಾಕ ಬ್ಯಾಡ? ದೊಡ್ಡದಿದ್ರ ಚೊಲೋ ಅಲ್ಲೇನು? ಡಬ್ಬಿ ದೊಡ್ಡದಾದ್ರ ಬ್ಯಾಟರಿ ದೊಡ್ಡದಾಗೋದಿಲ್ಲ. ಪೂರಾ 1000 ವ್ಯಾಟ್ ಎಳೆದ್ರ ಬ್ಯಾಟರಿಯಿಂದ 90 ಆಂಪಿಯರ್ ಹರೀಬೇಕು. ಸಣ್ಣ ಕಾರಿನ ಬ್ಯಾಟರಿ ಇರೋದು 35 ಆಂಪಿಯರ್-ಅವರ್ ಆಸುಪಾಸು. ಅರ್ಧ ತಾಸೂ ತಡಿಯೋದಿಲ್ಲ. ಇಸ್ತ್ರಿ, ಕೆಟಲ್, ಇಂಡಕ್ಷನ್ ಒಲಿ, ಅಂದ್ರ ಕಾಯಿಸೋ ಸಾಮಾನು ಯಾವುದೂ ಕಾರಿನ ಕೆಲಸ ಅಲ್ಲ.

5/8
ಡಬ್ಬಿ ಮ್ಯಾಲ ವ್ಯಾಟ್ ದೊಡ್ಡಕ್ಷರದಾಗ ಇರ್ತದ, ಇನ್ನೊಂದು ಮಾತು ಸಣ್ಣಕ್ಷರದಾಗ: 'ಮಾಡಿಫೈಡ್ ಸೈನ್ ವೇವ್' ಇಲ್ಲಾ 'ಪ್ಯೂರ್ ಸೈನ್ ವೇವ್'. ಗ್ವಾಡಿ ಪ್ಲಗ್ಗಿನ ಕರೆಂಟ್ ಅಲಿ ಹಂಗ ನುಣ್ಣಗ ಏರಿ ಇಳೀತದ. ಮಾಡಿಫೈಡ್ ಅಂದ್ರ ಮೆಟ್ಟಿಲು ಹಂಗ ಏರಿ ಇಳಿಯೋದು. ಬಲ್ಬಿಗೆ, ಮೊಬೈಲ್ ಚಾರ್ಜರಿಗೆ ಬಹಳ ಸಲ ಅದು ನಡೀತದ. ಮೋಟರ್, ಕಂಪ್ರೆಸರ್ ಇರೋ ಸಾಮಾನು ಗುಂಯ್ ಅಂತದ, ಬಿಸಿ ಆಗ್ತದ. ರೊಕ್ಕ ಹೆಚ್ಚಾದ್ರೂ ನಾವು ಪ್ಯೂರ್ ಸೈನ್ ವೇವಿಂದೇ ತೊಗೊಂಡ್ವಿ. ಔಷಧದ ಮಿಷನ್ ವಿಷಯದಾಗ ಉಳಿತಾಯ ಬ್ಯಾಡ ಅಂದವರು ಮಾಮಾನೇ. ಹಂಗೇ 230 ವೋಲ್ಟ್, 50 ಹರ್ಟ್ಸ್ ಅಂತ ಬರೆದದ್ದು ನೋಡಿ ತೊಗೊಳ್ರಿ; ಆನ್‌ಲೈನ್‌ದಾಗ 110 ವೋಲ್ಟಿನವೂ ಇರ್ತವ.

6/8
ಮನ್ಯಾಗ ಜಗಳ ಆದದ್ದು ಫ್ಯಾನಿನ ಸಲುವಾಗಿ. ಕಲಬುರಗಿ ಬ್ಯಾಸಗಿ ನಿಮಗ ಗೊತ್ತದ, 40 ಡಿಗ್ರಿ ದಾಟಿದ್ರೂ ಯಾರೂ ಸುದ್ದಿ ಮಾಡೋದಿಲ್ಲ. "ಹೆಂಗೂ ಇನ್ವರ್ಟರ್ ಬಂದದ, ರಾತ್ರಿ ಟೇಬಲ್ ಫ್ಯಾನ್ ಹಚ್ಚೋಣ" ಅಂದ್ರು ಮಾಮಾನ ಮಕ್ಕಳು. ಕಾಗದದ ಮ್ಯಾಲ ಬರೆದು ತೋರಿಸ್ದೆ. ಮಿಷನ್: 15 ಆಂಪಿಯರ್, ಕಾಲು ತಾಸು, ಹೋಗೋದು 4 ಆಂಪಿಯರ್-ಅವರ್ ಒಳಗ. ಫ್ಯಾನ್: 55 ವ್ಯಾಟ್, 5 ಆಂಪಿಯರ್, ಆದ್ರ ನಾಲ್ಕು ತಾಸಿಗೆ 20. 35ರಾಗ ಅರ್ಧಕ್ಕಿಂತ ಹೆಚ್ಚು ಖಾಲಿ. ಸಣ್ಣಂದು ಅಂತ ಕಾಣೋ ಫ್ಯಾನೇ ಜಾಸ್ತಿ ತಿಂತದ, ಯಾಕಂದ್ರ ಅದು ರಾತ್ರಿ ಪೂರಾ ತಿರುಗ್ತದ.
"ಬ್ಯಾಟರಿ ಇಳಿದ್ರ ಇನ್ವರ್ಟರ್ ತಾನೇ ಕೂಗ್ತದಲ್ಲ?" ಅಂದ ಸಣ್ಣಾವ. ಕೂಗ್ತದ, ಬಂದ್ ಭಿ ಆಗ್ತದ. ಆದ್ರ ಬಹಳಷ್ಟು ಇನ್ವರ್ಟರ್ ಬಂದ್ ಆಗೋದು 10.5 ವೋಲ್ಟ್ ಹತ್ರ ಇಳಿದ ಮ್ಯಾಲ. ತುಂಬಿದ ಬ್ಯಾಟರಿ 12.6 ಇರ್ತದ, 12.2 ಅಂದ್ರ ಅರ್ಧ ಹೋಗ್ಯದ ಅಂತ ಅರ್ಥ. 10.5ಕ್ಕ ಕಾಯ್ಕೊಂತ ಕುಂತ್ರ ಸೆಲ್ಫ್ ಹೊಡಿಯೋ ತಾಕತ್ತು ಉಳಿಯೋದಿಲ್ಲ. ಆಗ ಆಯಿಗೆ ಮಿಷನ್ನೂ ಇಲ್ಲ, ಕಾರೂ ಇಲ್ಲ. ಆಯಿ ಅಲ್ಲೇ ಕುಂತು ಎಲ್ಲಾ ಕೇಳಿ, "ನನಗ ಬೀಸಣಿಕಿ ಸಾಕು, ಗಾಡಿ ಚಾಲೂ ಆಗ್ಲಿ" ಅಂದ್ರು. ಜಗಳ ಮುಗೀತು.

7/8
ಹಚ್ಚೋ ಪದ್ಧತಿ:
• ಇನ್ವರ್ಟರ್ ಸ್ವಿಚ್ ಆಫ್ ಇಟ್ಟೇ ಕ್ಲಿಪ್ ಹಾಕ್ರಿ. ಕೆಂಪು ಪ್ಲಸ್ಸಿಗೆ, ಕರಿದು ಮೈನಸ್ಸಿಗೆ.
• ಬ್ಯಾಟರಿ ಕಡೆ ವೈಯರ್ ದಪ್ಪ, ಗಿಡ್ಡ ಇರಲಿ. ಉದ್ದ ಬೇಕಂದ್ರ 230 ವೋಲ್ಟ್ ಕಡೆ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ ಕಿಡಕ್ಯಾಗಿಂದ ಒಳಗ ತೊಗೊಳ್ರಿ.
• ಮಿಷನ್ ಇನ್ನೊಮ್ಮೆ ಹಾಕಬೇಕಾದ್ರ ಎಂಜಿನ್ ಚಾಲೂ ಮಾಡ್ರಿ. ಆದ್ರ ಬಯಲಾಗ ಮಾತ್ರ. ಮುಚ್ಚಿದ ಶೆಡ್ಡಿನ್ಯಾಗ, ಕಿಡಕಿ ಬುಡಕ್ಕ ಬ್ಯಾಡ. ಹೊಗಿಯಾಗಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಜೀವ ತೆಗೀತದ. ದಮ್ಮಿನವರಿಗೆ ಬರೇ ಹೊಗಿನೂ ಸಾಕು.
• ಇನ್ವರ್ಟರ್ ವೈಯರನ್ನ ಗ್ವಾಡಿ ಪ್ಲಗ್ಗಿಗೆ ಚುಚ್ಚಿ ಇಡೀ ಮನಿಗೆ ಕರೆಂಟ್ ಕೊಡೋ ಜುಗಾಡ್ ಯಾವತ್ತೂ ಬ್ಯಾಡ. ಕಾರಿಂದ ಬಂದ್ರೂ 230 ವೋಲ್ಟ್ ಶಾಕ್ ಹೊಡೀತದ. ಲೈನಿನ ಮ್ಯಾಲ ಕೆಲಸ ಮಾಡೋ ಲೈನ್‌ಮ್ಯಾನ್ ಜೀವಕ್ಕೂ ಅಪಾಯ.

8/8
ಒಂದೊಂದು ಸಲ ಇನ್ವರ್ಟರೇ ಬೇಕಾಗೋದಿಲ್ಲ. ಲ್ಯಾಪ್‌ಟಾಪ್ ಯುಎಸ್‌ಬಿ-ಸಿ ಇದ್ದದ್ದಾದ್ರ ಒಂದು ಚೊಲೋ ಕಾರ್ ಚಾರ್ಜರ್ ಸಾಕು; 12ನ್ನ 230 ಮಾಡಿ ಮತ್ತ 20ಕ್ಕ ಇಳಿಸೋ ದಂಡದ ಖರ್ಚು ಉಳೀತದ. ಸೆಲ್ ಮ್ಯಾಲ ನಡಿಯೋ ಸಣ್ಣ ಮೆಶ್ ನೆಬ್ಯುಲೈಜರ್ ಸಿಗ್ತಾವ. ಸ್ಪೇಸರ್ ಹಚ್ಚಿದ ಇನ್ಹೇಲರಿಗಂತೂ ಕರೆಂಟೇ ಬ್ಯಾಡ. ನಿಮ್ಮನ್ಯಾಗಿನವರಿಗೆ ಯಾವುದು ಆಗ್ತದ ಅಂತ ಡಾಕ್ಟರಿಗೆ ಕೇಳ್ರಿ, ಅಂಗಡಿಯವರಿಗೆ ಅಲ್ಲ. ಇನ್ವರ್ಟರೇ ಬೇಕಾದ್ರ, ತಂದ ದಿನ, ಹಗಲೊತ್ತಿನ್ಯಾಗ, ಮನಿಯ ಎಲ್ಲರ ಮುಂದ ಒಮ್ಮೆ ಪೂರಾ 15 ನಿಮಿಷ ನಡೆಸಿ ನೋಡ್ರಿ. ಆಮ್ಯಾಲ ಕಾರ್ ಸೆಲ್ಫ್ ಹೊಡೆದು ನೋಡ್ರಿ. ಎರಡೂ ಆದ್ರೇ ಆ ಇನ್ವರ್ಟರ್ ನಿಮ್ಮ ಕೆಲಸದ್ದು.

#ಕಲಬುರಗಿ #ಜಗತ್ #ಕಮಲಾಪುರ #ಕಾರ್‌ಇನ್ವರ್ಟರ್