ಮೂರು ಕಡೆ ಅಳೆಯಬೇಕಿತ್ತು

ಊರಿನ ಮದುವೆಗೆ ಹೋದರೆ ಬಿರಿಯಾನಿ ಬರುವ ಮೊದಲೇ ಪ್ರಶ್ನೆ ಬರುತ್ತದೆ: "ಗೋವಾದಲ್ಲಿ ಏನು ಕೆಲಸ?" ಗ್ಯಾರೇಜ್ ಎಂದರೆ ಕೇಳಿದವರ ಮುಖ ಸ್ವಲ್ಪ ಸಣ್ಣದಾಗುತ್ತದೆ. "ಡಿಪ್ಲೊಮಾ ಮಾಡಿ ಗ್ಯಾರೇಜಾ? ಗಲ್ಫಿಗೆ ಹೋಗಬಹುದಿತ್ತಲ್ಲ?" ನಾನು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವವನು ಎಂದು ವಿವರಿಸುವಷ್ಟರಲ್ಲಿ ಬಿರಿಯಾನಿ ಬಂದುಬಿಡುತ್ತದೆ. ಹಾಗಾಗಿ ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ನಾನು ಮಾಡಿದ ಒಂದು ತಪ್ಪಿನ ಕಥೆಯೂ ಹೌದು.

ನಮ್ಮದು ಉಪ್ಪಿನಂಗಡಿ. ಬಾಪನದ್ದು ದಿನಸಿ ಅಂಗಡಿ. ನಾನು ಮಂಗಳೂರಿನ ಕೆಪಿಟಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಎರಡು ಮೂರು ಕಡೆ ಕೆಲಸ ಮಾಡಿ, ಕೊನೆಗೆ ವೆರ್ಣಾದ ಇಂಡಸ್ಟ್ರಿಯಲ್ ಎಸ್ಟೇಟ್ ಹತ್ತಿರದ ಒಂದು ವರ್ಕ್‌ಶಾಪ್ ಸೇರಿದೆ. ಮಡಗಾಂವ್‌ನಿಂದ ಪಣಜಿ ಕಡೆಗೆ ಹೆದ್ದಾರಿ 66ರಲ್ಲಿ ಹೋದರೆ ವೆರ್ಣಾದ ಗುಡ್ಡ ಸಿಗುತ್ತದೆ. ಮೇಲೆಲ್ಲ ಫ್ಯಾಕ್ಟರಿಗಳು, ಕೆಳಗೆ ಗದ್ದೆ, ತೆಂಗು. ನಮ್ಮೂರಿನ ಹಾಗೆಯೇ ಕೆಂಪು ಮುರಕಲ್ಲಿನ ನೆಲ. ಆ ಕೆಂಪು ಧೂಳು ಗೇರ್‌ಬಾಕ್ಸಿಗೆ ದೊಡ್ಡ ಶತ್ರು.

ಎರಡು ವರ್ಷದ ಹಿಂದೆ ಜುಲೈಯಲ್ಲಿ ಒಂದು ಕಪ್ಪು ಬಿಎಂಡಬ್ಲ್ಯು 328ಐ ಬಂತು. 2013ರ ಮಾಡೆಲ್, 1 ಲಕ್ಷ 10 ಸಾವಿರ ಕಿಲೋಮೀಟರ್ ಓಡಿತ್ತು. ಕಂಪೆನಿಯಿಂದ ಬರುವಾಗ ಅದರ ಎಂಜಿನ್ ಟಾರ್ಕ್ 350 ನ್ಯೂಟನ್ ಮೀಟರ್. ಓನರ್ ಬೇರೆಲ್ಲೋ ರೀಮ್ಯಾಪ್ ಮಾಡಿಸಿ ಅದನ್ನು 450ರ ಮೇಲೆ ಏರಿಸಿದ್ದರು. ಈಗ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಗೇರ್‌ಬಾಕ್ಸ್ ರಿಪೇರಿ ಆಗಬೇಕು, ಆ ಪವರ್ ತಡೆಯುವಷ್ಟು ಗಟ್ಟಿಯೂ ಆಗಬೇಕು ಎಂದರು.

ಅದರಲ್ಲಿರುವುದು ಜರ್ಮನಿಯ ಜ಼ಡ್‌ಎಫ್ ಕಂಪೆನಿಯ 8ಎಚ್‌ಪಿ45 ಗೇರ್‌ಬಾಕ್ಸ್. ಹೆಸರಿನಲ್ಲೇ ಜಾತಕ ಇದೆ: ಎಂಟು ಗೇರ್, ಹೈಡ್ರಾಲಿಕ್ ಕನ್ವರ್ಟರ್, ಪ್ಲಾನೆಟರಿ ಗೇರ್, 45 ಎಂದರೆ ಸುಮಾರು 450 ನ್ಯೂಟನ್ ಮೀಟರ್ ವರೆಗಿನ ಟಾರ್ಕಿನ ವರ್ಗ. ಒಳಗೆ ನಾಲ್ಕು ಪ್ಲಾನೆಟರಿ ಗೇರ್ ಸೆಟ್, ಐದು ಕ್ಲಚ್‌ಗಳು. ಅವುಗಳಿಗೆ ಎ, ಬಿ, ಸಿ, ಡಿ, ಇ ಎಂದು ಹೆಸರು. ಎ ಮತ್ತು ಬಿ ನಿಜವಾಗಿ ಬ್ರೇಕ್‌ಗಳು, ಉಳಿದ ಮೂರು ಕ್ಲಚ್‌ಗಳು. ಯಾವ ಗೇರಿನಲ್ಲೇ ಇರಲಿ, ಐದರಲ್ಲಿ ಮೂರು ಹಿಡಿದಿರುತ್ತವೆ, ಎರಡು ಬಿಟ್ಟಿರುತ್ತವೆ. ಗೇರ್ ಬದಲಾಗುವಾಗ ಒಂದು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ಪ್ಲಾನೆಟರಿ ಗೇರಿನ ಲೆಕ್ಕವನ್ನು ಕೆಪಿಟಿಯಲ್ಲಿ ಟೇಬಲ್ ಹಾಕಿ ಪರೀಕ್ಷೆಗೆ ಬರೆದಿದ್ದೆ. ಅದು ನಿಜವಾಗಿ ಅರ್ಥವಾದದ್ದು ವೆರ್ಣಾದಲ್ಲಿ.

ಈ ಪಟ್ಟಿ ಗೊತ್ತಿದ್ದರೆ ಬಿಚ್ಚುವ ಮೊದಲೇ ರೋಗ ಹೇಳಬಹುದು. ಗಾಡಿ ಓಡಿಸಿ ನೋಡಿದೆ. 3, 4, 6ನೇ ಗೇರಿನಲ್ಲಿ ಜಾರುತ್ತಿತ್ತು. 5 ಮತ್ತು 7ರಲ್ಲಿ ಸರಿ ಇತ್ತು. ಇ ಕ್ಲಚ್ ಹಿಡಿದಿರುವುದು 2, 3, 4, 6, 8ರಲ್ಲಿ. ಮೊದಲನೆಯದು, 5, 7 ಮತ್ತು ರಿವರ್ಸ್‌ನಲ್ಲಿ ಅದು ಬಿಟ್ಟಿರುತ್ತದೆ. ಹಾಗಾದರೆ ಸುಟ್ಟಿರುವುದು ಇ ಕ್ಲಚ್.

ಬಿಚ್ಚಿದಾಗ ಹಾಗೆಯೇ ಇತ್ತು. ಆಯಿಲ್ ಕಪ್ಪು ಕಾಫಿಯ ಹಾಗೆ. ನನ್ನ ಜೊತೆ ಕೆಲಸ ಮಾಡುವ ಗದಗದ ಹುಡುಗ ಫ್ರಿಕ್ಷನ್ ಪ್ಲೇಟ್ ಕೈಯಲ್ಲಿ ಹಿಡಿದು, "ಅಣ್ಣಾ, ಪೂರಾ ಸುಟ್ಟೈತಿ ನೋಡ್ರಿ" ಎಂದ. ಪ್ಲೇಟಿನ ಮೇಲಿನ ಪದರ ಉಗುರು ತಾಗಿಸಿದರೆ ಉದುರುತ್ತಿತ್ತು. ಕಾರಣ ಬರೀ ಹೆಚ್ಚಿನ ಪವರ್ ಅಲ್ಲ. ಎಂಜಿನ್ ಎಷ್ಟು ಟಾರ್ಕ್ ಕೊಡುತ್ತಿದೆ ಎಂದು ಎಂಜಿನ್ ಕಂಪ್ಯೂಟರ್ ಹೇಳುತ್ತದೆ, ಅದನ್ನು ನಂಬಿ ಗೇರ್‌ಬಾಕ್ಸಿನ ಕಂಪ್ಯೂಟರ್ ಕ್ಲಚ್ ಒತ್ತುವ ಆಯಿಲ್ ಪ್ರೆಶರ್ ಇಡುತ್ತದೆ. ರೀಮ್ಯಾಪ್ ಮಾಡಿದವರು ಆ ಲೆಕ್ಕವನ್ನು ಸರಿಪಡಿಸಿರಲಿಲ್ಲ. ಎಂಜಿನ್ ಕಡಿಮೆ ಹೇಳಿ ಹೆಚ್ಚು ಕೊಡುತ್ತಿತ್ತು. ಪ್ರೆಶರ್ ಸಾಲದೆ ಕ್ಲಚ್ ಜಾರಿತು, ಸುಟ್ಟಿತು.

ಕೆಲಸ ಹೀಗಿತ್ತು. ಎಲ್ಲ ಸೀಲ್ ಹೊಸದು. ಇ ಕ್ಲಚ್‌ಗೆ ಒಳ್ಳೆಯ ಫ್ರಿಕ್ಷನ್ ಪ್ಲೇಟ್‌ಗಳು, ಮೊದಲಿಗಿಂತ ಒಂದು ಹೆಚ್ಚು. ಅದೇ ಜಾಗದಲ್ಲಿ ಒಂದು ಪ್ಲೇಟ್ ಹೆಚ್ಚು ಕೂರಬೇಕಾದರೆ ನಡುವಿನ ಸ್ಟೀಲ್ ಪ್ಲೇಟ್‌ಗಳು ತೆಳ್ಳಗಾಗಬೇಕು. ವಾಲ್ವ್ ಬಾಡಿ ಬಿಚ್ಚಿ ತೊಳೆಯಬೇಕು, ಟಾರ್ಕ್ ಕನ್ವರ್ಟರನ್ನು ಕತ್ತರಿಸಿ ಒಳಗಿನ ಲಾಕಪ್ ಕ್ಲಚ್ ಬದಲಿಸಿ ಮತ್ತೆ ವೆಲ್ಡ್ ಮಾಡಬೇಕು, ಕೂಲರ್ ಬದಲಿಸಬೇಕು. ಕೊನೆಗೆ ಸಾಫ್ಟ್‌ವೇರಿನಲ್ಲಿ ಪ್ರೆಶರ್ ಏರಿಸಬೇಕು. ಮಳೆಗಾಲವಾದ್ದರಿಂದ ಸ್ಟೀಲ್ ಪ್ಲೇಟ್‌ಗಳನ್ನು ಹೊರಗಿಟ್ಟರೆ ಬೆಳಗಾಗುವಾಗ ತುಕ್ಕು. ಆಯಿಲ್ ಸವರಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟೆವು. ಫ್ರಿಕ್ಷನ್ ಪ್ಲೇಟ್‌ಗಳನ್ನು ಜೋಡಿಸುವ ಮೊದಲು ಆಯಿಲಿನಲ್ಲಿ ನೆನೆಹಾಕಿದೆವು.

ತಪ್ಪಾದದ್ದು ಕೊನೆಯ ಹಂತದಲ್ಲಿ. ಪ್ಲೇಟ್‌ಗಳನ್ನೆಲ್ಲ ಜೋಡಿಸಿ ಮೇಲೆ ಸ್ನ್ಯಾಪ್ ರಿಂಗ್ ಹಾಕಿದ ಮೇಲೆ ಒಂದು ಸಣ್ಣ ಸಂದು ಉಳಿಯಬೇಕು. ಜಾಸ್ತಿಯಾದರೆ ಕ್ಲಚ್ ತಡವಾಗಿ ಹಿಡಿಯುತ್ತದೆ. ಕಡಿಮೆಯಾದರೆ ಬಿಡಬೇಕಾದಾಗ ಪೂರ್ತಿ ಬಿಡದೆ ಉಜ್ಜುತ್ತಲೇ ಇರುತ್ತದೆ. ಈ ಸಂದನ್ನು ಸರಿಮಾಡಲೆಂದೇ ಸ್ನ್ಯಾಪ್ ರಿಂಗ್ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ. ಅಂದು ಸಂಜೆ ಕರೆಂಟ್ ಹೋಗಿ ಬಂದು ಆಗುತ್ತಿತ್ತು. ಮರುದಿನ ಗಾಡಿ ಕೊಡುತ್ತೇವೆ ಎಂದು ಹೇಳಿಯಾಗಿತ್ತು. ನಾನು ಫೀಲರ್ ಗೇಜ್ ಒಂದೇ ಕಡೆ ತೂರಿಸಿ ನೋಡಿದೆ. ಸರಿ ಇದೆ ಎನಿಸಿತು, ಮುಚ್ಚಿದೆ.

ಗಾಡಿ ಚೆನ್ನಾಗಿಯೇ ಹೋಯಿತು. ವೆರ್ಣಾದಿಂದ ಕುಠ್ಠಾಳಿ ಇಳಿದು ಜುವಾರಿಯ ಹೊಸ ಸೇತುವೆ ದಾಟಿ ವಾಪಸ್ ಬಂದೆವು. ಒಂದು ಜಾರಾಟವೂ ಇಲ್ಲ. ಓನರ್ ನಗುತ್ತಾ ದುಡ್ಡು ಕೊಟ್ಟು ಹೋದರು.

ಹದಿನೆಂಟನೇ ದಿನ ವಾಪಸ್ ಬಂದರು. ಊರೊಳಗೆ ನಿಧಾನವಾಗಿ ಓಡಿಸಿದರೆ ಗೇರ್‌ಬಾಕ್ಸ್ ಬಿಸಿಯಾಗುತ್ತದೆ, ರಿವರ್ಸ್ ಹಾಕಿದರೆ ಯಾರೋ ಹಿಂದಿನಿಂದ ಹಿಡಿದ ಹಾಗೆ ಆಗುತ್ತದೆ ಎಂದರು. ಸ್ಕ್ಯಾನರ್ ಹಾಕಿ ಓಡಿಸಿದೆ. ಮೊದಲನೇ ಗೇರ್, 5, 7, ರಿವರ್ಸ್. ಇ ಕ್ಲಚ್ ಬಿಟ್ಟಿರಬೇಕಾದ ಗೇರ್‌ಗಳಲ್ಲೇ ಎಳೆತ. ಬಿಚ್ಚಬೇಕಾಗಿಯೇ ಇರಲಿಲ್ಲ, ತಪ್ಪು ಯಾರದ್ದು ಎಂದು ನನಗೆ ಅಲ್ಲೇ ಗೊತ್ತಾಯಿತು.

ಜೊತೆಗಾರರೊಬ್ಬರು ಕಿವಿಯಲ್ಲಿ ಹೇಳಿದರು: "ಅವನು ಸಿಗ್ನಲ್‌ನಲ್ಲಿ ಗಾಡಿ ಹಾರಿಸುತ್ತಾನೆ. ಓಡಿಸಿದ್ದು ಸರಿ ಇಲ್ಲ ಎಂದು ಬರೆದುಬಿಡು." ಓನರ್‌ಗೆ ಐದು ಕ್ಲಚ್‌ಗಳ ಪಟ್ಟಿ ಗೊತ್ತಿಲ್ಲ. ಹೇಳಿದ್ದರೆ ನಂಬುತ್ತಿದ್ದರು.

ಆ ರಾತ್ರಿ ಬಾಪನಿಗೆ ಫೋನ್ ಮಾಡಿದೆ. ಗೇರ್‌ಬಾಕ್ಸ್ ವಿಷಯ ಅವರಿಗೆ ಹೇಗೆ ಹೇಳುವುದು? "ಒಂದು ಅಳತೆ ತಪ್ಪಿತು" ಎಂದಷ್ಟೇ ಹೇಳಿದೆ. ಬಾಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಮೋನೆ, ಸಕ್ಕರೆ ಕಥೆ ನೆನಪಿದೆಯಾ?"

ನೆನಪಿತ್ತು. ನಾನು ಆಗ ಆರನೇ ಕ್ಲಾಸು. ಸಾಮಾನು ಇಡುವ ತಕ್ಕಡಿ ತಟ್ಟೆಯ ಅಡಿಗೆ ಬೆಲ್ಲ ಮೆತ್ತಿಕೊಂಡಿತ್ತು. ಎಷ್ಟೋ ದಿನ ಯಾರೂ ನೋಡಿರಲಿಲ್ಲ. ಗೊತ್ತಾದ ದಿನ ಬಾಪ ಕಡದ ಪುಸ್ತಕ ತೆರೆದು, ಆ ವಾರ ಸಕ್ಕರೆ ಕೊಂಡವರ ಹೆಸರು ನೋಡಿ, ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ ನನ್ನ ಕೈಯಲ್ಲಿ ಮನೆಮನೆಗೆ ಕಳಿಸಿದ್ದರು. ನನಗೆ ನಾಚಿಕೆಯಾಗಿತ್ತು. ಒಬ್ಬರು ನಕ್ಕರು, ಒಬ್ಬರು ಪೊಟ್ಟಣ ತೆಗೆದುಕೊಳ್ಳಲೇ ಇಲ್ಲ.

"ಅವತ್ತು ಹೋದದ್ದು ಎರಡು ಕಿಲೋ ಸಕ್ಕರೆ" ಎಂದರು ಬಾಪ. ಬೇರೇನೂ ಹೇಳಲಿಲ್ಲ. ಉಮ್ಮನಿಗೆ ಫೋನ್ ಕೊಟ್ಟರು.

ಮರುದಿನ ಓನರ್ ಮುಂದೆ ಒಪ್ಪಿಕೊಂಡೆ. "ತಪ್ಪು ನನ್ನದು, ನಿಮ್ಮ ಡ್ರೈವಿಂಗ್‌ನದ್ದಲ್ಲ." ಅವರಿಗೆ ಕೋಪ ಬಂತು, ಬರಬೇಕಾದ್ದೇ. ಪ್ಲೇಟ್ ಮತ್ತು ಆಯಿಲಿನ ಅರ್ಧ ಖರ್ಚು ವರ್ಕ್‌ಶಾಪ್ ಹಾಕಿತು, ಅರ್ಧ ನನ್ನ ಸಂಬಳದಿಂದ ಹೋಯಿತು. ಬಾಪನ ಅಂಗಡಿಗೆ ಹೊಸ ಫ್ರಿಜ್ ತೆಗೆಯಲು ಇಟ್ಟಿದ್ದ ದುಡ್ಡು ಅದು. ಕೆಲಸ ಹೋಗುತ್ತದೆ ಎಂದು ಹೆದರಿದ್ದೆ, ಹೋಗಲಿಲ್ಲ.

ಬಿಚ್ಚಿದಾಗ ಕಂಡದ್ದು ಇಷ್ಟು: ತೆಳ್ಳಗಿನ ಸ್ಟೀಲ್ ಪ್ಲೇಟ್‌ಗಳಲ್ಲಿ ಒಂದು ಸ್ವಲ್ಪ ಬಾಗಿತ್ತು. ನಾನು ಅಳೆದ ಕಡೆ ಸಂದು ಸರಿ, ಎದುರು ಕಡೆ ಸಂದೇ ಇಲ್ಲ. ವ್ಯತ್ಯಾಸ ಮಿಲ್ಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗ. ಈ ಸಲ ಪ್ರತಿ ಪ್ಲೇಟನ್ನೂ ಸಮತಟ್ಟಾದ ಕಲ್ಲಿನ ಮೇಲಿಟ್ಟು ನೋಡಿದೆ. ಸಂದನ್ನು ಮೂರು ಕಡೆ ಅಳೆದೆ. ಗಾಳಿ ಕೊಟ್ಟು ಪಿಸ್ಟನ್ ಎಷ್ಟು ಸರಿಯುತ್ತದೆ ಎಂದು ಡಯಲ್ ಗೇಜ್ ಇಟ್ಟು ನೋಡಿದೆ. ಎಂಜಿನ್ ಓಡುತ್ತಿರುವಾಗಲೇ, ಆಯಿಲ್ 30ರಿಂದ 50 ಡಿಗ್ರಿಯೊಳಗೆ ಇರುವಾಗ ಲೆವೆಲ್ ಮಾಡಿದೆ. ಆ ಗಾಡಿ ಈಗಲೂ ಓಡುತ್ತಿದೆ. ಓನರ್ ಮೊನ್ನೆ ತಮ್ಮ ಅಣ್ಣನ ಗಾಡಿಯನ್ನೂ ನಮ್ಮಲ್ಲಿಗೇ ಕಳಿಸಿದರು.

ಓದುವವರಲ್ಲಿ ಆಟೊಮ್ಯಾಟಿಕ್ ಗಾಡಿ ಇರುವವರು ತುಂಬಾ ಜನ. ಗಲ್ಫಿನಿಂದ ಬಂದು ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ ತೆಗೆಯುವವರೂ ಇದ್ದೀರಿ. ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್, ಬದಲಿಸಬೇಕಾಗಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಗೇರ್‌ಬಾಕ್ಸ್ ಮಾಡುವ ಜ಼ಡ್‌ಎಫ್ ಕಂಪೆನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ, ಇಲ್ಲವೇ ಎಂಟು ವರ್ಷಕ್ಕೆ ಬದಲಿಸಲು ಹೇಳುತ್ತದೆ. ಪವರ್ ಏರಿಸುವ ಆಸೆ ಇದ್ದರೆ ಎಂಜಿನ್ನಿನ ಜೊತೆ ಗೇರ್‌ಬಾಕ್ಸಿನ ಲೆಕ್ಕವನ್ನೂ ಸರಿಮಾಡಿಸಿ.

ಕಳೆದ ಪೆರ್ನಾಲ್‌ಗೆ ಊರಿಗೆ ಹೋದಾಗ ಅಂಗಡಿಯಲ್ಲಿ ಹಳೆ ಫ್ರಿಜ್ಜೇ ಸದ್ದು ಮಾಡುತ್ತಿತ್ತು. ಯಾರೋ ಗಿರಾಕಿ ಬಂದು, "ಮಗ ಗೋವಾದಲ್ಲಿ ಏನು ಮಾಡುತ್ತಾನೆ?" ಎಂದು ಕೇಳಿದರು. ಬಾಪ ಅಕ್ಕಿ ತೂಗುತ್ತಿದ್ದವರು ತಲೆ ಎತ್ತದೆ ಹೇಳಿದರು: "ಅವನೂ ಅಳೆಯುವ ಕೆಲಸವೇ."